ಹಗೇವಿನ ನಿದ್ದೆ

ಚಳಿಗಾಲವಿಡೀ ಮಲಗಿ ಎದ್ದು ಬಂದ ಗಂಡ ಹೊಸ್ತಿಲು ದಾಟಿದವನೇ ಮೊದಲು ಕೇಳಿದ ಮಾತು, "ಹಾಸಿಗಿ ಎಲ್ಲೈತಿ?"

ನೀಲವ್ವ ಬಾಗಿಲಲ್ಲಿ ಆರತಿ ಹಿಡಿದು ನಿಂತಿದ್ದಳು. ಒಳಗೆ ಅತ್ತೆ ದ್ಯಾಮವ್ವ ಹೋಳಿಗೆ ಬೇಯಿಸುತ್ತಿದ್ದಳು. ತುಪ್ಪದ ವಾಸನೆ ಓಣಿಯವರೆಗೂ ಹೋಗಿತ್ತು. ಫಕೀರಪ್ಪ ಇಬ್ಬರ ಕಡೆಗೂ ನೋಡಿ ನಕ್ಕ ಹಾಗೆ ಮಾಡಿದ. ಗೋಡೆ ಹಿಡಿದುಕೊಂಡು ಒಳಗೆ ಹೋಗಿ, ಬೂಟು ಸಹ ಬಿಚ್ಚದೆ ಮಂಚದ ಮೇಲೆ ಬಿದ್ದ. ಮರುದಿನ ಬಿಸಿಲೇರುವವರೆಗೂ ಬಿದ್ದ ಮಗ್ಗುಲಲ್ಲೇ ಇದ್ದ. ಬೂಟಿನ ದಾರವನ್ನು ನೀಲವ್ವ ಬಿಚ್ಚಿದಳು, ಹೋಳಿಗೆಯನ್ನು ಅಕ್ಕಪಕ್ಕದ ಮನೆಯವರು ತಿಂದರು.

"ನಿದ್ದಿ ಸುಖ ಅರೀದು ಅಂತಾರ, ಖರೆ," ದ್ಯಾಮವ್ವ ಮಂಚದ ಪಕ್ಕ ಕುಳಿತು ಹೇಳಿದಳು. "ಆದ್ರ ಇಷ್ಟ ತಿಂಗಳು ಮಲಗಿ ಬಂದವಂಗ ಇದೆಂಥ ನಿದ್ದಿ ಅಂತೀನಿ. ನಮ್ಮ ಮನೆತನದಾಗ ಯಾರೂ ಹಿಂಗ ಇದ್ದಿಲ್ಲ."

ನಿಜ ಹೇಳಬೇಕೆಂದರೆ ಇದಕ್ಕೆ ಉತ್ತರ ಗೊತ್ತಿರಬೇಕಾದವಳು ನೀಲವ್ವನೇ. ಗಂಡ ಚಳಿಗಾಲ ಕಳೆಯುವ ಜಾಗದಲ್ಲಿ ಅವಳು ನರ್ಸು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಲಂಗ್ಚೆ ಕಣಿವೆ ಹಿಮಾಲಯದಲ್ಲಿ ಎಷ್ಟು ಎತ್ತರದಲ್ಲಿದೆಯೆಂದರೆ, ದೇವದಾರು ಮರಗಳು ಸಹ ಇನ್ನು ಮೇಲೆ ನಮ್ಮ ಕೈಲಾಗದು ಎಂದು ಅಲ್ಲಿಗೆ ನಿಂತುಬಿಟ್ಟಿವೆ. ಆ ಬೆಟ್ಟದ ಹೊಟ್ಟೆಯಲ್ಲಿ ಸುರಂಗ ಕೊರೆಯಲು ಒಂದು ಕಂಪನಿ ಇಳಕಲ್ಲಿನ ಕಡೆಯ ಕಲ್ಲು ಕೆಲಸದವರನ್ನು ಸಂಸಾರ ಸಮೇತ ಕರೆತಂದಿತ್ತು. ಬೇಸಿಗೆಯಲ್ಲಿ ಕೆಲಸ. ಚಳಿಗಾಲ ಬಂತೆಂದರೆ ಹಿಮ ಬಿದ್ದು ದಾರಿ ಮುಚ್ಚುತ್ತದೆ, ಯಂತ್ರದೊಳಗಿನ ಎಣ್ಣೆಯೇ ಹೆಪ್ಪುಗಟ್ಟುತ್ತದೆ. ಅಷ್ಟು ಗಂಡಸರನ್ನು ಸುಮ್ಮನೆ ಕೂರಿಸಿ ಅನ್ನ ಹಾಕುವುದು ಹೇಗೆ? ಊರಿಗೆ ಕಳಿಸಿದರೆ ತಿರುಗಿ ಬರುತ್ತಾರೆಂಬ ಖಾತ್ರಿ ಏನು? ಕಂಪನಿಯವರು ಈ ಪ್ರಶ್ನೆಗೆ ಉತ್ತರವನ್ನು ಬೆಟ್ಟದ ಪ್ರಾಣಿಗಳ ಹತ್ತಿರ ಹುಡುಕಿದರು.

ಚಳಿಗೆ ಒಂದೊಂದು ಜೀವದ್ದು ಒಂದೊಂದು ಉಪಾಯ. ಕಾಡುಮೇಕೆ ತನ್ನ ಕೂದಲಿನ ಅಡಿಯಲ್ಲಿ ಇನ್ನೊಂದು ಪದರ ಮೆತ್ತನೆಯ ಉಣ್ಣೆ ಬೆಳೆಸಿಕೊಳ್ಳುತ್ತದೆ. ಪೈಕಾ ಎಂಬ ಮೊಲದ ಕುಲದ ಮುಷ್ಟಿಯಷ್ಟು ಪ್ರಾಣಿ ಬೇಸಿಗೆಯಿಡೀ ಹುಲ್ಲು ಕಡಿದು, ಒಣಗಿಸಿ, ಬಂಡೆಯ ಸಂದಿಯಲ್ಲಿ ಬಣವೆ ಒಟ್ಟುತ್ತದೆ. ಹಿಮಚಿರತೆ ತನ್ನ ಬಾಲವನ್ನೇ ಹೊದ್ದು ಮಲಗುತ್ತದೆ. ಕಂದು ಕರಡಿ ಕೊಬ್ಬು ತುಂಬಿಕೊಂಡು ಗುಹೆ ಸೇರುತ್ತದೆ. ಎಲ್ಲಕ್ಕಿಂತ ಮುಂದೆ ಹೋಗಿದ್ದು ಮಾರ್ಮೊಟ್. ಬೆಕ್ಕಿಗಿಂತ ದಪ್ಪನೆಯದು, ಅಳಿಲಿಗೆ ದೂರದ ನೆಂಟ. ನಮ್ಮವರು ಅದನ್ನು ಬೆಟ್ಟದ ಹೆಗ್ಗಣ ಅಂದರು. ಚಳಿ ಹತ್ತಿರವಾದಾಗ ಅದು ಬಿಲ ಸೇರಿ, ಬಾಗಿಲಿಗೆ ಮಣ್ಣು ಜಡಿದು, ತನ್ನ ಮೈಯ ಬಿಸಿಯನ್ನು ತಾನೇ ಆರಿಸಿಕೊಳ್ಳುತ್ತದೆ. ಮೈ ಸುತ್ತಲಿನ ಮಣ್ಣಿನಷ್ಟೇ ತಣ್ಣಗಾಗುತ್ತದೆ, ಎದೆ ಆಗೊಮ್ಮೆ ಈಗೊಮ್ಮೆ ಬಡಿಯುತ್ತದೆ, ಬೇಸಿಗೆಯ ಕೊಬ್ಬು ಚೂರುಚೂರೇ ಕರಗುತ್ತದೆ. ಬಿಸಿ ಆರಿಸುವ ಆ ವಸ್ತುವನ್ನು ಅದರ ರಕ್ತದಲ್ಲಿ ಹುಡುಕಿ ಮನುಷ್ಯನಿಗೆ ಚುಚ್ಚಿದರೆ ಹೇಗೆ? ಚುಚ್ಚಿದರು. ಮನುಷ್ಯನೂ ತಣ್ಣಗಾದ.

ಸುರಂಗದ ಪಕ್ಕದಲ್ಲೇ ಒಂದು ದೊಡ್ಡ ಕೋಣೆ ಕೊರೆದು, ಗಾಜಿನ ಮುಚ್ಚಳದ ತೊಟ್ಟಿಗಳನ್ನು ಸಾಲಾಗಿ ಇಟ್ಟು, ಕಂಪನಿ ಅದಕ್ಕೆ ಏನೋ ಉದ್ದನೆಯ ಹೆಸರು ಕೊಟ್ಟಿತು. ಕೆಲಸದವರ ಬಾಯಲ್ಲಿ ಆ ಹೆಸರು ನಿಲ್ಲಲಿಲ್ಲ. ಅವರು ಹಗೇವು ಅಂದರು. ಊರಿನಲ್ಲಿ ಜೋಳ ತುಂಬಿಡಲು ನೆಲದೊಳಗೆ ತೋಡುವ ಗುಂಡಿಯೇ ಹಗೇವು. ಕಾಳು ಅಲ್ಲಿ ಕೆಡದೆ, ಮೊಳೆಯದೆ, ಬೇಕಾಗುವವರೆಗೂ ಇರುತ್ತದೆ. ಹಾಗೆಯೇ ಗಂಡಸರನ್ನು ಹಿಮ ಬೀಳುವಾಗ ತುಂಬಿ ಹಿಮ ಕರಗುವಾಗ ತೆಗೆಯುತ್ತಿದ್ದರು. ಹೆಂಗಸರು ಸುರಂಗದ ಬಾಯಿಯ ಹತ್ತಿರದ ಕಾಲೊನಿಯಲ್ಲಿ ಎಚ್ಚರವಾಗಿದ್ದುಕೊಂಡೇ ಚಳಿಗಾಲ ನೂಕುತ್ತಿದ್ದರು.

ಮೊದಲ ವರ್ಷ ಎಚ್ಚರದ ದಿನ ಅಂತ ಒಂದಿತ್ತು. ಮಾರ್ಮೊಟ್ ಚಳಿಗಾಲದ ನಡುನಡುವೆ ಮೈ ಬಿಸಿ ಮಾಡಿಕೊಂಡು ಏಳುತ್ತದೆ, ಮತ್ತೆ ತಣ್ಣಗಾಗುತ್ತದೆ. ಯಾಕೆಂದು ಗೊತ್ತಿಲ್ಲದಿದ್ದರೂ ಮನುಷ್ಯರಿಗೂ ಹಾಗೇ ಇರಲಿ ಎಂದು ಆಗಾಗ ಬಿಸಿ ಮಾಡುತ್ತಿದ್ದರು. ಆ ದಿನ ಕಾಲೊನಿಗೆ ಹಬ್ಬ. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಎಣ್ಣೆಗಾಯಿ ಕಟ್ಟಿಕೊಂಡು ಹೆಂಗಸರೆಲ್ಲ ಬುತ್ತಿ ಹೊತ್ತು ಹೋಗುವರು. ಗಂಡಸು ಕಣ್ಣು ಬಿಟ್ಟನೆಂದರೆ ಎಬ್ಬಿಸಿ ಕೂರಿಸಿ, ಎಣ್ಣೆ ತಿಕ್ಕಿ, ಬಿಸಿನೀರು ಹಾಕಿ, ಗಡ್ಡ ತೆಗೆಸಿ, ಉಣ್ಣಿಸಿ, ಊರ ಸುದ್ದಿಯನ್ನೆಲ್ಲ ಹೇಳಿ, ಮತ್ತೆ ತಣ್ಣಗಾಗುವ ಹೊತ್ತಿನವರೆಗೂ ಬಿಡುತ್ತಿರಲಿಲ್ಲ. ಅಷ್ಟು ದಿನ ಮಲಗಿ ಎದ್ದವನನ್ನು ಮತ್ತೆ ಮಲಗು ಎನ್ನುವವರುಂಟೆ?

ದ್ಯಾಮವ್ವನ ಇಬ್ಬರು ಮಕ್ಕಳೂ ಹಗೇವಿನಲ್ಲಿದ್ದರು, ಫಕೀರಪ್ಪ ಮತ್ತು ಅವನ ತಮ್ಮ ಹನಮಪ್ಪ. ಆ ಚಳಿಗಾಲದ ಕೊನೆಯಲ್ಲಿ, ಮೈ ಬಿಸಿಯಾಗುತ್ತಿರುವಾಗಲೇ, ಹನಮಪ್ಪನ ಎದೆಬಡಿತ ಲಯ ತಪ್ಪಿ ನಿಂತುಹೋಯಿತು. ಮದುವೆ ಗೊತ್ತಾಗಿದ್ದ ಹುಡುಗ. ದ್ಯಾಮವ್ವ ಬುತ್ತಿ ಹಿಡಿದುಕೊಂಡು ದಾರಿಯಲ್ಲಿದ್ದಳು. ಅವಳು ಮುಟ್ಟುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅಲ್ಲಿಗೆ ಎಚ್ಚರದ ದಿನವೂ ಮುಗಿಯಿತು. ಅಪಾಯವಿರುವುದು ಎಬ್ಬಿಸುವಾಗ, ಆದ್ದರಿಂದ ಎಬ್ಬಿಸುವುದೇ ಬೇಡ ಎಂದು ತೀರ್ಮಾನಿಸಿ, ನಡುವೆ ಮೈ ಬಿಸಿಯಾಗದಂತೆ ತಡೆಯುವ ಇನ್ನೊಂದು ಔಷಧವನ್ನು ಕಂಪನಿ ತರಿಸಿತು. ಆಮೇಲೆ ಹಗೇವಿನಲ್ಲಿ ಯಾರೂ ಸಾಯಲಿಲ್ಲ. ಹೊರಗೆ ಬಂದವರಿಗೆ ಮಾತ್ರ ದಣಿವು ಅಂಟಿಕೊಂಡಿತು. ಅದು ಬೇಸಿಗೆಯ ಬಿಸಿಲಿಗೂ ಹೋಗಲಿಲ್ಲ, ವರ್ಷದಿಂದ ವರ್ಷಕ್ಕೆ ಏರುತ್ತಲೇ ಹೋಯಿತು.

ಈ ಸಲದ ಬೇಸಿಗೆಯಲ್ಲಿ ಫಕೀರಪ್ಪ ಕೊರೆಯುವ ಯಂತ್ರ ಹಿಡಿದು ನಿಂತಲ್ಲೇ ನಿದ್ದೆ ಹೋದ. ಮೇಲಿನಿಂದ ಬಂಡೆ ಸಡಿಲಾಗಿದ್ದನ್ನು ಜೊತೆಯವನು ನೋಡಿ ಎಳೆದ. ಮೊಣಕೈ ತರಚಿದ್ದರಲ್ಲಿ ಹೋಯಿತು. ಅದಕ್ಕೂ ಹಿಂದಿನ ಬೇಸಿಗೆಯಲ್ಲಿ ಕಾಲೊನಿಯ ಇಬ್ಬರಿಗೆ ಹಾಗೆ ಎಳೆಯುವವರು ಸಿಕ್ಕಿರಲಿಲ್ಲ.

"ಊರಿಗೆ ಹೋಗೂಣ್ರಿ," ನೀಲವ್ವ ಗಾಯ ತೊಳೆಯುತ್ತ ಹೇಳಿದಳು. "ಸಾಕಿನ್ನ."

"ಹೋಗೂಣು," ಎಂದ ಫಕೀರಪ್ಪ. "ಇನ್ನೊಂದ ಚಳಿಗಾಲ. ಸುರಂಗ ಆ ಕಡೆ ಬಿಚ್ಚಿಕೊಳ್ಳಲಿ."

"ಇದನ್ನಽ ಹೋದ ವರ್ಷಾನೂ ಅಂದಿದ್ರಿ."

ನೋಡಿದರೆ ಅವನು ಕುಳಿತಲ್ಲೇ ಕಣ್ಣು ಮುಚ್ಚಿದ್ದ. ದಣಿದವನಿಗೆ ಬಿಟ್ಟು ಹೋಗುವುದಕ್ಕೂ ಶಕ್ತಿ ಬೇಕು. ಗಂಟು ಕಟ್ಟಬೇಕು, ಮೇಲಿನವರ ಹತ್ತಿರ ಜಗಳವಾಡಬೇಕು, ಬಸ್ಸು ಹತ್ತಬೇಕು. ಇದ್ದಲ್ಲೇ ಇರುವುದು ಸುಲಭ. ಈ ಸಲ ಹಗೇವಿಗೆ ಇಳಿದರೆ ಮುಂದಿನ ಬೇಸಿಗೆಯಲ್ಲಿ ಗಂಡ ಕಲ್ಲಿನ ಕೆಳಗೆ ಹೋಗುತ್ತಾನೆ ಎಂದು ನೀಲವ್ವನಿಗೆ ಆವತ್ತೇ ಖಚಿತವಾಯಿತು.

ಹಿಮ ಬೀಳುವ ಮುಂಚಿನ ವಾರಗಳಲ್ಲಿ ಮೈ ತುಂಬಿಸಿಕೊಳ್ಳುವುದು ಕಣಿವೆಯ ಎಲ್ಲರಿಗೂ ಕಡ್ಡಾಯ. ಎದುರಿನ ಇಳಿಜಾರಿನಲ್ಲಿ ಕರಡಿ ಬೇರು ಅಗೆದು ತಿನ್ನುತ್ತಿತ್ತು, ಮಾರ್ಮೊಟ್‌ಗಳ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು, ಕಾಲೊನಿಯ ಗಂಡಸರಿಗೆ ಹೆಂಡಂದಿರು ತುಪ್ಪ ಸುರಿದು ಉಣ್ಣಿಸುತ್ತಿದ್ದರು. ಫಕೀರಪ್ಪ ತುತ್ತು ಕೈಯಲ್ಲಿ ಹಿಡಿದೇ ತೂಗುತ್ತಿದ್ದ. ದ್ಯಾಮವ್ವ ಅವನ ಗಲ್ಲ ಹಿಡಿದು, "ನುಂಗಪ್ಪಾ, ನುಂಗು," ಎನ್ನುತ್ತಿದ್ದಳು. ಮೀಸೆ ನೆರೆಯಲು ಶುರುವಾದ ಗಂಡಸು, ಸಣ್ಣ ಮಗುವಿನಂತೆ ಬಾಯಿ ತೆರೆಯುತ್ತಿದ್ದ. ನೋಡಲಾರದೆ ನೀಲವ್ವ ನೀರು ತರುವ ನೆಪದಲ್ಲಿ ಹೊರಗೆ ಹೋಗುತ್ತಿದ್ದಳು.

ಹಿಮ ಬಿತ್ತು. ಗಂಡಸರು ಹಗೇವಿಗೆ ಇಳಿದರು. ಫಕೀರಪ್ಪನ ತೋಳಿಗೆ ಸೂಜಿ ಚುಚ್ಚಿದವಳು ನೀಲವ್ವನೇ.

ಒಳಗೆ ಅವಳ ಕೆಲಸ ಮಗ್ಗುಲು ಬದಲಿಸುವುದು. ಮಲಗಿದ ಮನುಷ್ಯ ತಾನಾಗಿ ಹೊರಳುತ್ತಾನೆ. ಹಗೇವಿನಲ್ಲಿದ್ದವನು ಹೊರಳುವುದಿಲ್ಲ, ಬಿಟ್ಟರೆ ಬೆನ್ನಿನಲ್ಲಿ ಹುಣ್ಣಾಗುತ್ತದೆ. ಅದಕ್ಕೆ ನರ್ಸುಗಳು ಸರದಿಯಂತೆ ಪ್ರತಿಯೊಬ್ಬನನ್ನೂ ಎಡಕ್ಕೆ, ಬಲಕ್ಕೆ ಹೊರಳಿಸಬೇಕು. ಕೈಗವಸಿನ ಮೂಲಕವೂ ಆ ಮೈಗಳ ತಂಪು ಮೂಳೆಗೆ ತಾಗುತ್ತಿತ್ತು. ಗೊರಕೆಯಿಲ್ಲ, ನಿಟ್ಟುಸಿರಿಲ್ಲ, ಕನವರಿಕೆಯಿಲ್ಲ. ಗಂಡನ ತೊಟ್ಟಿಯ ಹತ್ತಿರ ಬಂದಾಗ ನೀಲವ್ವ ಅವನ ಎದೆಯ ಮೇಲೆ ಕೈ ಇಟ್ಟು ಒಂದು ಬಡಿತಕ್ಕಾಗಿ ಕಾಯುತ್ತಿದ್ದಳು. ಬಂದ ಮೇಲೆ ಮುಂದಿನ ತೊಟ್ಟಿಗೆ ಹೋಗುತ್ತಿದ್ದಳು.

ಚಳಿ ನಡುಮಧ್ಯಕ್ಕೆ ಬಂದಿದ್ದ ಒಂದು ಮಧ್ಯಾಹ್ನ ಹೀಗೆ ಸುತ್ತು ಮುಗಿಸಿ ನಿಯಂತ್ರಣ ಕೋಣೆಗೆ ಬಂದಾಗ ಡಾಕ್ಟರ್ ವೈಜಯಂತಿ ತಲೆಯ ಮೇಲೆ ಕೈ ಹೊತ್ತು ಕುಳಿತಿದ್ದರು. ಮೈಸೂರಿನವರು, ಹಗೇವಿನ ಮುಖ್ಯಸ್ಥರು, ಅರ್ಧ ಆಯುಷ್ಯವನ್ನು ಮಾರ್ಮೊಟ್‌ಗಳ ಹಿಂದೆ ಕಳೆದವರು. ಅವರೆದುರಿನ ಫಲಕದಲ್ಲಿ ಒಬ್ಬೊಬ್ಬ ಗಂಡಸಿಗೆ ಒಂದೊಂದು ದೀಪ. ಮೈ ತಣ್ಣಗಿದ್ದರೆ ನೀಲಿ, ಬಿಸಿಯಾದರೆ ಹಸಿರು. ಎಲ್ಲವೂ ನೀಲಿಯಾಗಿದ್ದವು. ಕೋಣೆಯ ಹಿಂಬದಿಯಲ್ಲಿ, ಗಾಜಿನ ಗೋಡೆಯಾಚೆ, ಡಾಕ್ಟರರ ಸ್ವಂತ ಮಾರ್ಮೊಟ್‌ಗಳ ಬಿಲವೂ, ಅವಕ್ಕೂ ಅಂಥದೇ ದೀಪಗಳೂ ಇದ್ದವು. ಈ ವರ್ಷ ಅವುಗಳಲ್ಲಿ ಒಂದರ ತಲೆಗೆ ಅವರು ಕೂದಲಿನಷ್ಟು ಸಣ್ಣ ತಂತಿಗಳನ್ನು ಅಂಟಿಸಿದ್ದರು.

"ನೀಲವ್ವ, ಬನ್ನಿ ಇಲ್ಲಿ," ಎಂದರು. "ನಾನು ನೋಡ್ತಿರೋದು ಸರಿಯಾ ಹೇಳಿ. ನಿದ್ದೆಗೆಟ್ಟು ನನ್ನ ಕಣ್ಣಿನ ಮೇಲೇ ನನಗೆ ನಂಬಿಕೆ ಹೋಗಿದೆ."

ಪರದೆಯ ಮೇಲೆ ಎರಡು ಗೆರೆಗಳಿದ್ದವು. ಒಂದು ಹೆಚ್ಚುಕಡಿಮೆ ನೇರ, ಉಳುಮೆ ಮಾಡದ ಹೊಲದ ಹಾಗೆ. ಇನ್ನೊಂದರಲ್ಲಿ ದೊಡ್ಡ ದೊಡ್ಡ ಅಲೆಗಳು ನಿಧಾನವಾಗಿ ಏಳುತ್ತ ಬೀಳುತ್ತ ಇದ್ದವು. ಅಂಥ ಅಲೆಗಳನ್ನು ನೀಲವ್ವ ನರ್ಸಿಂಗ್ ಓದುವಾಗ ಆಸ್ಪತ್ರೆಯಲ್ಲಿ ನೋಡಿದ್ದಳು.

"ಇದು ನಿದ್ದೀದಲ್ರಿ? ಗಡದ್ದಾಗಿ ಮಲಗಿದವ್ರದು."

"ಹೌದು. ಯಾವಾಗಿಂದು ಹೇಳಿ?"

"ಪ್ರಾಣಿ ತಣ್ಣಗಿದ್ದಾಗಿಂದು."

"ಅಲ್ಲ. ತಣ್ಣಗಿದ್ದಾಗಿಂದು ಆ ನೇರ ಗೆರೆ. ಇದು ಬಿಸಿಯಾಗಿ ಎದ್ದಮೇಲಿಂದು."

"ಹಂಗಾದ್ರ ತಂತಿ ಅದಲು ಬದಲಾಗ್ಯಾವ."

"ನಾನೂ ಹಾಗೇ ಅಂದ್ಕೊಂಡೆ. ಬಿಚ್ಚಿ ಮತ್ತೆ ಹಾಕಿ ನೋಡ್ದೆ. ಆಗಿಲ್ಲ." ಡಾಕ್ಟರ್ ಎದ್ದು ಗಾಜಿನ ಗೋಡೆಯ ಹತ್ತಿರ ಹೋದರು. "ನೋಡಿ, ದೀಪ ಹಸಿರು. ಎದ್ದಿದೆ ಅಂತ ಬರ್ಕೊಳ್ಳೋದು ನಮ್ಮ ರೂಢಿ. ಎದ್ದು ಏನು ಮಾಡ್ತಿದೆ?"

ಮಾರ್ಮೊಟ್ ಮೂಗನ್ನು ಹೊಟ್ಟೆಯೊಳಗೆ ಹುದುಗಿಸಿ ಉಂಡೆಯಾಗಿ ಬಿದ್ದಿತ್ತು. ಮೀಸೆ ಅದುರುತ್ತಿತ್ತು. ಮುಂಗಾಲು ಆಗಾಗ ಮಣ್ಣು ಕೆರೆದ ಹಾಗೆ ಆಡುತ್ತಿತ್ತು. ತಣ್ಣನೆಯ ಮೈ ಅದುರುವುದಿಲ್ಲ. ಅದು ನೀಲವ್ವನ ಕೈಗೆ ಚೆನ್ನಾಗಿ ಗೊತ್ತಿತ್ತು. ಪ್ರಾಣಿ ಕನಸು ಕಾಣುತ್ತಿತ್ತು.

"ಕೂಡಿಟ್ಟ ಕೊಬ್ಬನ್ನೆಲ್ಲ ಸುಟ್ಟುಕೊಂಡು ಯಾಕೆ ಏಳುತ್ತೆ ಅಂತ ಇಷ್ಟು ವರ್ಷ ತಲೆ ಕೆಡಿಸ್ಕೊಂಡಿದ್ದೆ," ಡಾಕ್ಟರ್ ಹೇಳಿದರು. "ತಿನ್ನಲ್ಲ, ಹೊರಗೆ ಹೋಗಲ್ಲ. ದೀಪ ನೋಡಿದ್ವಿ, ಬಗ್ಗಿ ಪ್ರಾಣೀನ ನೋಡಲಿಲ್ಲ. ಅದು ಬಿಸಿಯಾಗೋದು ಎಚ್ಚರ ಇರೋದಕ್ಕಲ್ಲ ಕಣ್ರೀ, ನಿದ್ದೆ ಮಾಡೋದಕ್ಕೆ. ತಣ್ಣಗಿರೋ ಮಿದುಳಿಗೆ ನಿದ್ದೆ ಮಾಡೋ ಶಕ್ತಿ ಸಹ ಇಲ್ಲ. ಅದು ಬರೀ ಆರಿರುತ್ತೆ, ಅಷ್ಟೆ. ನಿದ್ದೆ ಮಾತ್ರ ಬಾಕಿ ಬೀಳ್ತಾ ಹೋಗುತ್ತೆ. ತಡೆಯೋಕಾಗದೇ ಇದ್ದಾಗ ಬಿಸಿಯಾಗಿ, ಒಂದು ಗಳಿಗೆ ಮಲಗಿ, ಮತ್ತೆ ಆರುತ್ತೆ."

ನೀಲವ್ವ ಫಲಕದ ನೀಲಿ ದೀಪಗಳ ಕಡೆ ತಿರುಗಿದಳು. "ಹಂಗಾದ್ರ ಇವರು?"

"ಇವರು ಮಲಗೇ ಇಲ್ಲ," ಎಂದರು ಡಾಕ್ಟರ್. "ಪ್ರತಿ ಚಳಿಗಾಲ, ಪೂರ್ತಿ ಚಳಿಗಾಲ, ನಾವು ಇವರ ನಿದ್ದೆ ಕೆಡಿಸಿದ್ದೀವಿ."

ಇಬ್ಬರೂ ತಂತಿ ತೆಗೆದುಕೊಂಡು ಹಗೇವಿಗೆ ಹೋಗಿ ಫಕೀರಪ್ಪನ ಹಣೆಗೆ ಅಂಟಿಸಿದರು. ಗೆರೆ ನೇರವಾಗಿ ಬಂತು. ಎಷ್ಟು ಹೊತ್ತು ನಿಂತರೂ ಒಂದು ಅಲೆ ಏಳಲಿಲ್ಲ. ಚಿಂತೆ ಇಲ್ಲದವನಿಗೆ ಸಂತೆಯಲ್ಲೂ ನಿದ್ದೆ ಅನ್ನುತ್ತಾರೆ. ಇಲ್ಲಿ ಸದ್ದಿಲ್ಲ, ಚಿಂತೆಯಿಲ್ಲ, ನಿದ್ದೆಯೂ ಇರಲಿಲ್ಲ.

"ಬಿಸಿ ಮಾಡಿ ಮಲಗಿಸಬೇಕು," ಡಾಕ್ಟರ್ ಗೋಡೆಗೊರಗಿ ಹೇಳಿದರು. "ಆದರೆ ಬಿಸಿ ಮಾಡೋವಾಗ ಎದೆ ನಿಲ್ಲಬಹುದು. ನಿಮ್ಮ ಮೈದುನನಿಗೆ ಆಯ್ತಲ್ಲ. ಕಂಪನಿಯವರನ್ನ ಕೇಳಿದರೆ ಬೇಡ ಅಂತಾರೆ. ಕೇಳದೆ ಮಾಡಿದರೆ ನನ್ನ ಕೆಲಸ ಹೋಗುತ್ತೆ. ಹೋದರೆ ಹೋಗಲಿ, ನನಗೂ ಸಾಕಾಗಿದೆ. ಮೊದಲು ಒಬ್ಬರನ್ನ ಮಾಡಿ ನೋಡಬೇಕು. ಯಾರನ್ನ ಅಂತ ಆರಿಸೋದು ಮಾತ್ರ ನನ್ನ ಕೈಲಿ ಆಗಲ್ಲ."

"ನಮ್ಮನಿಯವ್ರನ್ನ ಮಾಡ್ರಿ," ಎಂದಳು ನೀಲವ್ವ.

"ಯೋಚನೆ ಮಾಡಿ ಹೇಳಿ."

"ಮಾಡೇನ್ರಿ. ಮತ್ತೊಬ್ಬಾಕಿ ಗಂಡನ್ನ ಮೊದಲು ಎಬ್ಬಿಸಿ ನೋಡ್ರಿ ಅಂತ ಹೇಳಿ ನಾ ಓಣ್ಯಾಗ ಹೆಂಗ ಮುಖ ಎತ್ತಿ ಓಡಾಡ್ಲಿ? ಹಿಂಗಽ ಬಿಟ್ರೂ ಅವರು ಉಳಿಯಂಗಿಲ್ಲ. ಬೇಸಿಗ್ಯಾಗ ಕಲ್ಲು ಕಾಯ್ಕೊಂಡ ಕುಂತೈತಿ."

ಡಾಕ್ಟರ್ ಫಕೀರಪ್ಪನ ಹಣೆಯ ತಂತಿ ಬಿಚ್ಚಿದರು. ಆಮೇಲೆ ಮೆಲ್ಲಗೆ, "ಎಚ್ಚರದ ದಿನ ಅಂತ ಹೆಸರಿಟ್ಟೋಳು ನಾನು," ಎಂದರು. "ಮನೆಯವರನ್ನ ಕರೆಸಿ, ಖುಷಿಯಾಗಿರ್ತಾರೆ ಅಂದೋಳೂ ನಾನೇ. ಆ ದಿನಗಳಲ್ಲಿ ಅವರೆಲ್ಲ ಮಲಗಬೇಕಿತ್ತು. ನಾವೆಲ್ಲ ಸೇರ್ಕೊಂಡು ಮಾತಾಡಿಸ್ತಾ ಕೂತ್ವಿ. ಹನಮಪ್ಪನ ಎದೆ ನಿಂತದ್ದು ಬಿಸಿಗಲ್ಲ ಅನ್ಸುತ್ತೆ. ದಣಿವಿಗೆ."

ಆಗ ನೀಲವ್ವನಿಗೆ, ಪ್ರತಿ ಎಚ್ಚರದ ದಿನವೂ ಮಕ್ಕಳನ್ನು ಎಬ್ಬಿಸಿ ಕೂರಿಸುತ್ತಿದ್ದ ಅತ್ತೆಯ ನೆನಪು ಬಂತು.

ಮನೆಗೆ ಬಂದಾಗ ದ್ಯಾಮವ್ವ ರೊಟ್ಟಿ ಬಡಿಯುತ್ತಿದ್ದಳು. ಈ ಎತ್ತರಕ್ಕೂ ಊರ ಜೋಳದ ಹಿಟ್ಟು ತರಿಸಿಕೊಳ್ಳುವವಳು ಅವಳು. ಹೇಳದೆ ಮುಚ್ಚಿಡುವ ಹಾಗಿರಲಿಲ್ಲ. ಏನಾದರೂ ಆದರೆ ತಾಯಿ ದಾರಿಯಲ್ಲಿರಬಾರದು, ಹತ್ತಿರ ಇರಬೇಕು; ಹನಮಪ್ಪನ ಸಲ ಆದದ್ದು ಸಾಕು. ಹತ್ತಿರ ಇರಬೇಕೆಂದರೆ, ಮಗ ಕಣ್ಣು ಬಿಟ್ಟಾಗ ಮಾತಾಡಿಸಬಾರದು ಎಂದು ಮೊದಲೇ ಹೇಳಬೇಕು. ಹೇಳಿದರೆ ಯಾಕೆ ಎಂದು ಕೇಳುತ್ತಾಳೆ. ಅದಕ್ಕೆ ನೀಲವ್ವ ದಾರಿಯುದ್ದಕ್ಕೂ ಒಂದು ಸುಳ್ಳು ಹೊಂದಿಸಿಕೊಂಡು ಬಂದಿದ್ದಳು.

"ಅತ್ತಿ, ನಾಳೆ ಅವರನ್ನ ಒಂದು ಸಲ ಬಿಸಿ ಮಾಡ್ತಾರಂತ. ಡಾಕ್ಟ್ರ ನಿಮ್ಮನ್ನೂ ಕರದಾರ."

ದ್ಯಾಮವ್ವನ ಕೈ ನಿಲ್ಲಲಿಲ್ಲ. "ಯಾಕಂತ?"

"ದಣಿವು ಕಡಿಮಿ ಆಗತೈತಂತ. ಆದ್ರ ಮಾತಾಡಿಸಬಾರದು. ಉಣ್ಣಾಕ ಕೊಡಬಾರದು. ಗಂಟಲಿಗೆ ಆಗಂಗಿಲ್ಲಂತ."

"ಆವಾಗ ಆಗ್ತಿತ್ತಲ್ಲ. ಅಷ್ಟಷ್ಟ ಉಣ್ತಿದ್ರಲ್ಲ ಇಬ್ರೂ."

"ಈಗ ಔಷಧ ಬ್ಯಾರೆ ಐತ್ರಿ."

"ನೀಲಾ," ದ್ಯಾಮವ್ವ ಹೆಂಚಿನ ಮೇಲಿನ ರೊಟ್ಟಿ ತಿರುವಿ ಹಾಕಿದಳು. "ನೀ ಈ ಮನಿಗೆ ಬಂದಾಗಿಂದ ಸುಳ್ಳ ಹೇಳಾಕ ಕಲೀಲಿಲ್ಲ. ಏನೈತಿ ಹೇಳು."

ನೀಲವ್ವ ಹೇಳಿದಳು. ಎಲ್ಲಿ ಶುರು ಮಾಡಬೇಕೆಂದು ತಿಳಿಯದೆ ಮಾರ್ಮೊಟ್‌ನಿಂದ ಶುರು ಮಾಡಿದಳು. ಅದು ಏಳುವುದು ಮಲಗಲಿಕ್ಕೆ ಎಂದಳು, ತಣ್ಣಗಿರುವುದು ನಿದ್ದೆಯಲ್ಲ ಎಂದಳು. ಬಿಸಿಯಾದ ಹೊತ್ತಿನಲ್ಲಿ ಮಲಗಲು ಬಿಡಬೇಕು ಎಂದು ಹೇಳಿ ಅಲ್ಲಿಗೇ ನಿಲ್ಲಿಸಿದಳು. ಮುಂದಿನದನ್ನು, ಹನಮಪ್ಪನದನ್ನು, ಹೇಳಲಿಲ್ಲ. ಹೇಳುವ ಅಗತ್ಯವೂ ಬರಲಿಲ್ಲ. ರೊಟ್ಟಿ ಬಡಿಯುವ ಸದ್ದು ನಿಂತಿತ್ತು.

"ಅದರ ಹಿಂದಿನ ಎಚ್ಚರದ ದಿನ ಹನಮಪ್ಪ ಆಕಳಿಸಾಕ ಹತ್ತಿದ್ದ," ದ್ಯಾಮವ್ವ ಹೇಳಿದಳು. "ಎಚ್ಚರಾದಾಗೊಮ್ಮೆ ಆಕಳಸಾಂವ. ಅವ್ವಾ, ಒಂಚೂರ ಮಲಗ್ತೀನವಾ ಅಂದ. ನಾನಽ ರಟ್ಟಿ ಹಿಡದ ಎಬ್ಬಿಸಿ ಕುಂದ್ರಿಸಿದೆ. ಇಷ್ಟ ದಿನ ಮಲಗಿದ್ದು ಸಾಲ್ದೇನೋ ಭಾಡ್ಯಾ ಅಂತ ಬೈದೆ. ನಕ್ಕ."

"ಎಲ್ಲಾರೂ ಹಂಗಽ ಮಾಡೀವಿ ಅತ್ತಿ. ನಾನೂ ಇವರನ್ನ ಕುಂದ್ರಿಸಿದ್ನಿ. ಡಾಕ್ಟ್ರೂ ಅಂದ್ರು, ನಾನಽ ಕರಿಸಿದ್ದು ಅಂತ. ಯಾರಿಗೆ ಗೊತ್ತಿತ್ತು?"

ದ್ಯಾಮವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. ಹೆಂಚಿನ ಮೇಲೆ ರೊಟ್ಟಿ ಕಪ್ಪಾಗುತ್ತಿತ್ತು, ಇಬ್ಬರೂ ತೆಗೆಯಲಿಲ್ಲ. ಸೊಸೆಗೆ ಅತ್ತೆಯ ಹತ್ತಿರ ಹೋಗಿ ಕೂರಬೇಕೆನಿಸಿತು, ಹೋಗಿ ಕುಳಿತಳು. ಅತ್ತೆ ಅಳಲಿಲ್ಲ, ದೂರ ಸರಿಯಲೂ ಇಲ್ಲ. ಆ ಮೈಯಲ್ಲಿದ್ದ ದಣಿವು ತನ್ನ ಮೈಗೂ ದಾಟುತ್ತಿದೆ ಎಂದು ನೀಲವ್ವನಿಗೆ ಅನ್ನಿಸಿತು.

"ನಾ ನಾಳೆ ಬರ್ತೀನಿ," ಕಡೆಗೆ ದ್ಯಾಮವ್ವ ಹೇಳಿ ಸುಟ್ಟ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟು ಹೊಸ ಹಿಟ್ಟು ಕೈಗೆತ್ತಿಕೊಂಡಳು.

ಬಿಸಿ ಮಾಡುವ ಕೋಣೆ ಸುರಂಗದ ಬಾಯಿಯಲ್ಲಿತ್ತು. ದೊಡ್ಡ ಕಿಟಕಿ; ಹೊರಗೆ ಹಿಮದ ಮೇಲೆ ಬೆಳಗಿನ ಬಿಸಿಲು ಬಿದ್ದು ಕಣ್ಣು ಬಿಡಲಾಗದಷ್ಟು ಬೆಳಕು. ಫಕೀರಪ್ಪನನ್ನು ಮಂಚಕ್ಕೆ ತಂದು ಮಲಗಿಸಿ, ತಡೆಯುವ ಔಷಧ ನಿಲ್ಲಿಸಿ, ಹಣೆಗೆ ಮತ್ತೆ ತಂತಿ ಅಂಟಿಸಿ, ಡಾಕ್ಟರ್ ಎದೆಬಡಿತವೂ ಮಿದುಳಿನ ಗೆರೆಯೂ ಕಾಣುವ ಪರದೆಯ ಮುಂದೆ ಕುಳಿತರು. ದ್ಯಾಮವ್ವ ಬುತ್ತಿಯ ಗಂಟನ್ನು ಮಡಿಲಲ್ಲಿಟ್ಟುಕೊಂಡು ಮೂಲೆಯ ಸ್ಟೂಲಿನ ಮೇಲೆ ಕುಳಿತಳು. ಯಾಕೆ ತಂದಿರಿ ಎಂದು ಯಾರೂ ಕೇಳಲಿಲ್ಲ. ಬರಿಗೈಯಲ್ಲಿ ಬಂದು ಅವಳಿಗೆ ಗೊತ್ತೇ ಇರಲಿಲ್ಲ.

ಮೈ ಬಿಸಿಯಾಗುವುದು ನೋಡಲು ಹಿತವಾದ ಸಂಗತಿಯಲ್ಲ. ಮೊದಲು ಎದೆ, ಆಮೇಲೆ ಕುತ್ತಿಗೆ, ಕೊನೆಗೆ ಕೈಕಾಲು. ನಡುಕ ಶುರುವಾಯಿತು. ಮಂಚವೇ ಅಲ್ಲಾಡುವಂಥ ನಡುಕ. ಇಷ್ಟು ದಿನ ಸುಮ್ಮನಿದ್ದ ಎದೆ ಒಮ್ಮೆಲೇ ಓಡತೊಡಗಿತು. ಪರದೆಯ ಮೇಲೆ ಬಡಿತಗಳು ಒಂದರ ಮೇಲೊಂದು ಬಿದ್ದವು, ಹಾದಿ ತಪ್ಪಿದವು, ಒಂದು ಕಡೆ ಖಾಲಿ ಬಿಟ್ಟವು. ಡಾಕ್ಟರರ ಕೈ ಸೂಜಿಯ ಮೇಲಿತ್ತು. ನೀಲವ್ವ ಗಂಡನ ಪಾದಗಳನ್ನು ಹಿಡಿದುಕೊಂಡಿದ್ದಳು. ಹಿಡಿಯಬೇಕೆಂದು ಯಾವ ಪುಸ್ತಕದಲ್ಲೂ ಇಲ್ಲ, ಕೈಗೆ ಬೇರೆ ಕೆಲಸವಿರಲಿಲ್ಲ. ಹನಮಪ್ಪನ ಪರದೆಯೂ ಹೀಗೇ ಖಾಲಿ ಬಿಟ್ಟಿತ್ತು. ದ್ಯಾಮವ್ವ ಎದ್ದು ನಿಂತಳು.

ಮತ್ತೆ ಬಡಿತ ಬಂತು. ಇನ್ನೊಂದು ಬಂತು. ಓಟ ಮೆಲ್ಲಗೆ ನಡಿಗೆಗೆ ಇಳಿಯಿತು. ಡಾಕ್ಟರ್ ಸೂಜಿಯನ್ನು ಚುಚ್ಚದೆ ಕೆಳಗಿಟ್ಟರು. ಅತ್ತ ನಿಯಂತ್ರಣ ಕೋಣೆಯ ಫಲಕದಲ್ಲಿ ನೀಲಿ ದೀಪಗಳ ನಡುವೆ ಒಂದೇ ಒಂದು ಹಸಿರಾಯಿತು.

ನಡುಕ ನಿಂತ ಮೇಲೆ ಫಕೀರಪ್ಪನ ಮುಖಕ್ಕೆ ಬಣ್ಣ ಬಂತು. ರೆಪ್ಪೆ ಅಲುಗಿತು. ಅವನು ಕಣ್ಣು ಬಿಟ್ಟ.

ಮೊದಲು ಕಂಡದ್ದು ನೀಲವ್ವ. ತುಟಿ ಅವಳ ಹೆಸರಿನ ಆಕಾರಕ್ಕೆ ಬಂದು ಅಲ್ಲಿಗೇ ಸೋತಿತು. ಅವಳಿಗೆ ಅವನ ಧ್ವನಿ ಕೇಳಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ ಒಂದೇ ಮಾತು, ಬೈದರೂ ಸರಿ ಎನ್ನುವಷ್ಟು. ಒಂದು ಪ್ರಶ್ನೆ ಕೇಳಿದರೆ ಉತ್ತರ ಕೊಡುತ್ತಿದ್ದ. ಅವಳು ಹಲ್ಲು ಕಚ್ಚಿ ಸುಮ್ಮನಿದ್ದಳು.

ಅವನ ದೃಷ್ಟಿ ಸರಿದು ತಾಯಿಯ ಮೇಲೆ ನಿಂತಿತು. ಅವಳ ಕೈಯಲ್ಲಿದ್ದ ಬುತ್ತಿಯನ್ನು, ಹಿಂದಿದ್ದ ಬೆಳಕು ತುಂಬಿದ ಕಿಟಕಿಯನ್ನು ನೋಡಿದ. ಕೆಲಸಕ್ಕೆ ತಡವಾಯಿತು ಎನ್ನುವವನ ಹಾಗೆ ಒಂದು ಮೊಣಕೈ ಊರಿ ಏಳಲು ಹೊರಟ.

"ಅವ್ವಾ," ಎಂದ. ದನಿ ತುಕ್ಕು ಹಿಡಿದಿತ್ತು. "ಬೆಳಗಾತೇನ?"

ದ್ಯಾಮವ್ವ ಬುತ್ತಿಯನ್ನು ಸ್ಟೂಲಿನ ಮೇಲಿಟ್ಟು ಬಂದಳು. ಕಿಟಕಿಗೂ ಅವನಿಗೂ ನಡುವೆ ನಿಂತಳು. ಎಬ್ಬಿಸಿ ಕೂರಿಸುತ್ತಿದ್ದ ಅದೇ ಕೈಯಿಂದ ಅವನ ಭುಜ ಹಿಡಿದು ಮೆಲ್ಲಗೆ ಕೆಳಗೆ ಒತ್ತಿದಳು.

"ಇಲ್ಲಪ್ಪಾ," ಎಂದಳು. "ಇನ್ನಾ ಕತ್ತಲೈತಿ. ಮಲಗು."

ಫಕೀರಪ್ಪ ಆಕಳಿಸಿದ. ದೊಡ್ಡದಾಗಿ, ಬಾಯಿ ತುಂಬ. ಆಮೇಲೆ ಯಾರೂ ಮುಟ್ಟದೆ, ತಾನೇ ತಾನಾಗಿ, ಗೋಡೆಯ ಕಡೆ ಮಗ್ಗುಲು ಬದಲಿಸಿದ.

ಡಾಕ್ಟರರ ಪರದೆಯಲ್ಲಿ ಮಿದುಳಿನ ಗೆರೆಯ ಮೇಲೆ ಮೊದಲ ಅಲೆ ಎದ್ದಿತು. ಅದರ ಹಿಂದೆ ಇನ್ನೊಂದು. ಸ್ವಲ್ಪ ಹೊತ್ತಿಗೆ ಅವನು ಗೊರಕೆ ಹೊಡೆಯತೊಡಗಿದ. ನೀಲವ್ವ ಗೋಡೆಗೆ ಮುಖ ಮಾಡಿ ಸದ್ದಿಲ್ಲದೆ ಅತ್ತಳು. ಡಾಕ್ಟರ್ ಎದ್ದು ಕಿಟಕಿಯ ಪರದೆ ಎಳೆದರು.

ದ್ಯಾಮವ್ವ ಮಗನ ಭುಜದ ಮೇಲಿಂದ ಕೈ ತೆಗೆಯಲಿಲ್ಲ. ಬುತ್ತಿಯ ಕಡೆ ನೋಡಿದ ಸೊಸೆಗೆ ಪಿಸುಮಾತಿನಲ್ಲಿ, "ಖಡಕ್ ರೊಟ್ಟಿ, ಕೆಡಂಗಿಲ್ಲ," ಎಂದಳು. "ಎದ್ದಾಗ ತಿಂತಾನ. ನೀ ಹೋಗಿ ಮುಂದಿನಾಂವನ ತಾಯಿನ ಕರಕೊಂಡ ಬಾ. ಆಕೀಗೆ ನಾ ಹೇಳ್ತೀನಿ."